ಅಪ್ಪನ ಕಂಬಳಿ, ಮಗಳ ಹೆಗಲು

ದೇವಿಕಾಳ ಬಲಹೆಗಲ ಮೇಲೆ ಗುಳ್ಳೆ ಎದ್ದಾಗ ಗುಂಡುಮಾಲ್ ಪಕ್ಕದ ಆ ಕುರುಬರ ಹಟ್ಟಿಯಲ್ಲಿ ಎಲ್ಲರೂ ಕುಲದೇವರು ಬೀರಪ್ಪನ ಸಿಟ್ಟು ಅಂತಲೇ ಅಂದರು. ಅನ್ನದೆ ಬಿಡ್ತಾರೇನು? ಅಪ್ಪ ಭೀಮಯ್ಯ ಸತ್ತು ಎಂಟು ತಿಂಗಳು. ಗಂಡುಮಕ್ಕಳಿಲ್ಲ. ಹತ್ತೊಂಬತ್ತರ ಹುಡುಗಿ ಅಪ್ಪನ ಕಂಬಳಿಯನ್ನೇ ಹೆಗಲಿಗೇರಿಸಿ ಕುರಿ ಹಿಂದೆ ಹೊರಟಿದ್ದಳು.

"ಗಂಡಸಿನ ಕಂಬಳಿ ಹೆಣ್ಣು ಹೊತ್ತರ ದೇವರು ಸುಮ್ನಿರ್ತಾನೇನು?" ಅಂದ ದೊಡ್ಡಪ್ಪ ನರಸಯ್ಯ. ಸೋಮವಾರದೊಳಗೆ ಗುಳ್ಳೆ ಮಾಯದಿದ್ದರೆ ಕಂಬಳಿ, ಕುರಿ ಎರಡೂ ತನಗೆ ಒಪ್ಪಿಸಬೇಕು ಅಂತ ಗುಡಿ ಮುಂದೆ ಹೇಳಿಯೇಬಿಟ್ಟ.

ಹುಡುಗಿಗೆ ಜೀವ ಬಾಯಿಗೆ ಬಂತು. ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುವವಳು ಅವಳು. ತಪ್ಪುಕಾಣಿಕೆ ಅಂತ ದಿನಾ ಹೆಗಲಿಗೆ ಗುಡಿಯ ಅರಿಶಿನ ಬಂಡಾರ ಬಳಿದು, ಬರಿ ಚರ್ಮಕ್ಕೇ ತಾಗುವಂತೆ ಕಂಬಳಿಯನ್ನು ಇನ್ನಷ್ಟು ಬಿಗಿದುಕೊಂಡಳು. ತಾಯಿ ಸುಗುಣಮ್ಮ ಸಂಜೆಗೆ ಎಣ್ಣೆ ತಿಕ್ಕಿದಳು. ಅಯ್ಯೋ, ಮಾಡಿದ್ದೆಲ್ಲ ಉಲ್ಟಾ ಹೊಡೀತು. ಗುಳ್ಳೆಗಳು ಕೀವು ತುಂಬಿಕೊಂಡು ಬೆನ್ನಿಗಿಳಿದವು.

ಶನಿವಾರ ತಾಯಿ ಮಗಳು ಮಕ್ತಲ್ ದವಾಖಾನೆಗೆ ಹೋದರು. ಡಾಕ್ಟರಮ್ಮ ಹೆಗಲು ನೋಡಿದಳು, ಕಂಬಳಿಯನ್ನೂ ಮುಟ್ಟಿ ನೋಡಿದಳು.

"ಇವು ಮೊಡವಿ ರೀ. ಒರಟು ಕಂಬಳಿ ಒತ್ತಿ ಒತ್ತಿ ತಿಕ್ಕತೈತಿ, ಬೆವರು ಒಳಗ ನಿಲ್ಲತೈತಿ. ಎಣ್ಣಿ, ಬಂಡಾರ ಎರಡೂ ಬಿಡ್ರಿ. ನಡುವ ಹತ್ತಿ ಬಟ್ಟಿ ಹಾಕ್ರಿ, ಮುಲಾಮು ಕೊಡ್ತೀನಿ. ಮಾಯಾಕ ತಿಂಗಳಾದ್ರೂ ಬೇಕು."

"ಸೋಮವಾರದೊಳಗ ಆಗಲ್ಲೇನ್ರೀ?" ಅಂದವಳೇ ದೇವಿಕಾ ಅಲ್ಲೇ ಅತ್ತುಬಿಟ್ಟಳು.

ಸುಗುಣಮ್ಮ ಮನೆಗೆ ಬಂದವಳೇ, ಮದುವೆಯಲ್ಲಿ ಉಟ್ಟಿದ್ದ ನಾರಾಯಣಪೇಟೆ ಹತ್ತಿ ಸೀರೆ ಹರಿದು ಕಂಬಳಿಯ ಒಳಮೈಗೆ ಹೊಲಿಯಲು ಕೂತಳು.

ಸೋಮವಾರ ನರಸಯ್ಯ ನಾಲ್ಕು ಮಂದಿಯನ್ನು ಕರಕೊಂಡು ಬಂದ. ಗುಳ್ಳೆ ಹಾಗೇ ಇದ್ದವು. ಕಂಬಳಿಗೆ ಕೈ ಚಾಚಿದ.

ಸುಗುಣಮ್ಮ ಅಡ್ಡ ನಿಂತಳು. "ಇವಳಪ್ಪನ ಹೆಗಲಿಗೂ ಇವೇ ಗುಳ್ಳಿ ಇದ್ವು, ಭಾವಾ. ಇದ ಜಾಗ. ಇಪ್ಪತ್ತು ವರ್ಷ ಎಣ್ಣಿ ತಿಕ್ಕೀನಿ. ಅವರ ಹೆಗಲಿಗೆ ಬಂದಾಗ ದುಡಿಮಿ ಅಂದ್ವಿ, ಮಗಳ ಹೆಗಲಿಗೆ ಬಂದ್ರ ಶಾಪ ಅಂದ್ವಿ. ನಾನೂ ಅಂದೆ, ನನ್ನ ಬಾಯಿಗೆ ಬೆಂಕಿ ಬೀಳ್ಲಿ." ಭಾವನ ಅಂಗಿಯ ಕಡೆ ಕೈ ತೋರಿಸಿದಳು. "ನೀವೂ ಹುಟ್ಟಿದಾಗಿಂದ ಕಂಬಳಿ ಹೊತ್ತವ್ರು. ಅಂಗಿ ಬಿಚ್ರಿ, ನೋಡೋಣು."

ನಾಲ್ವರೂ ನರಸಯ್ಯನ ಕಡೆ ತಿರುಗಿದರು. ಅವನ ಕೈ ತನ್ನ ಬಲಹೆಗಲಿಗೆ ಹೋಗಿ ಅಲ್ಲೇ ನಿಂತಿತು. ಗುಂಡಿ ಬಿಚ್ಚಲಿಲ್ಲ.

ದೇವಿಕಾ ಅಪ್ಪನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ದೊಡ್ಡಿಯ ಬಾಗಿಲು ತೆಗೆದಳು.