ಮಾವನವರ ಸೈಕಲ್ ಸರ್ವೀಸಿಂಗ್

ಮೊನ್ನೆ ಶನಿವಾರ ಹೊಲಿಗೆ ಮಷೀನಿನ ಎಣ್ಣೆ ಡಬ್ಬಿಯ ಮೂತಿಗೆ ಗುಂಡುಸೂಜಿ ಚುಚ್ಚಿದೆ, ನೋಡಿ, ಆ ವಾಸನೆಯ ಹಿಂದೆಯೇ ನಮ್ಮ ಮಾವನವರು ಬಂದು ನಿಂತರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆದರೂ ಎಣ್ಣೆ ಒಂದು ಹನಿ ಹೆಚ್ಚು ಬಿದ್ದರೆ ಇವತ್ತಿಗೂ ಬೆನ್ನ ಹಿಂದಿನಿಂದ "ವಗ್ಗರಣಿ ಹಾಕಾಕತ್ತಿಯೇನವಾ?" ಎಂದು ಕೇಳಿದಂತಾಗುತ್ತದೆ.

ಎಣ್ಣೆ ಯಾಕೆಂದರೆ, ನಮ್ಮ ಬಡಾವಣೆಯ ಹೆಂಗಸರೆಲ್ಲ ಸೇರಿ ಒಂದು ಸೈಕಲ್ ಬಳಗ ಕಟ್ಟಿದ್ದೇವೆ. ಹೊಸಪೇಟೆಯಿಂದ ಹಂಪಿಗೆ ಹೋಗಿ ಬರುವುದು ನಮ್ಮ ಮೊದಲ ಗುರಿ. ಅದು ಇನ್ನೂ ಮೊದಲ ಗುರಿಯಾಗಿಯೇ ಉಳಿದಿದೆ. ಟೀಶರ್ಟುಗಳು ಬಂದವು, ಎದೆಯ ಮೇಲೆ ಕಲ್ಲಿನ ರಥ. ಹೆಲ್ಮೆಟ್ಟು ಬಂದವು, ಬೆರಳಿಲ್ಲದ ಕೈಗವಸು ಬಂದವು. ಸೈಕಲ್ ಪಕ್ಕ ನಿಂತು ತೆಗೆಸಿಕೊಂಡ ನಮ್ಮ ಫೋಟೊ ನೋಡಿದವರು ಇವರು ಬಾದಾಮಿಯ ತನಕ ತುಳಿದು ಬಂದವರೆಂದೇ ತಿಳಿಯಬೇಕು. ಆದರೆ ಪ್ರತಿ ಭಾನುವಾರ ಏನೋ ಒಂದು. ಒಂದು ವಾರ ನೀರಿನ ಬಾಟಲಿ ಸಿಕ್ಕಿಸುವ ಸ್ಟ್ಯಾಂಡು ಬಂದಿರಲಿಲ್ಲ. ಇನ್ನೊಂದು ವಾರ ಗಾಳಿ ಎದುರಿನಿಂದ ಬೀಸುತ್ತಿತ್ತು. ಕೊನೆಗೆ ಬಳಗದ ಮುಖ್ಯಸ್ಥೆ, ಎದುರುಮನೆಯ ಗಿರಿಜಕ್ಕ, "ಮೊದಲ ಎಲ್ರೂ ಮೇಂಟೆನೆನ್ಸ್ ಕಲಿಯೂಣು. ದಾರ್ಯಾಗ ಏನರ ಆದ್ರ ಯಾರನ್ನ ಕೇಳೂದು? ನಿಮಗ ಎಲ್ಲಾ ಗೊತ್ತೈತಲ್ರೀ, ಈ ಭಾನುವಾರ ನೀವ ಕ್ಲಾಸ್ ತಗೋರಿ" ಎಂದರು.

ನನಗೆ ಗೊತ್ತಿದೆ ಎಂಬುದು ನಿಜ. ಹೇಗೆ ಗೊತ್ತಾಯಿತೆಂಬುದನ್ನು ಸ್ವಲ್ಪ ಪುರುಸೊತ್ತಿನಲ್ಲಿ ಹೇಳಬೇಕು.

ನಾನು ಬಳ್ಳಾರಿಯ ಕಾನ್ವೆಂಟಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು. ಚಮಚವನ್ನು ತಟ್ಟೆಯ ಯಾವ ಬದಿಗಿಡಬೇಕು, ಕರವಸ್ತ್ರದ ಅಂಚು ಹೇಗೆ ಮಡಿಸಬೇಕು ಎಂಬುದನ್ನೆಲ್ಲ ಸಿಸ್ಟರುಗಳು ಅಚ್ಚುಕಟ್ಟಾಗಿ ಕಲಿಸಿದರು. ಚೈನು ಬಿದ್ದರೆ ಏನು ಮಾಡಬೇಕೆಂದು ಮಾತ್ರ ಕಲಿಸಲಿಲ್ಲ. ಕೇಳಿದ್ದರೆ ಪ್ರಾರ್ಥನೆ ಮಾಡು ಎನ್ನುತ್ತಿದ್ದರೇನೋ. ಮದುವೆಯಾಗಿ ಹೊಸಪೇಟೆಗೆ ಬಂದಾಗ ಸೈಕಲ್ಲು ತವರಿನಲ್ಲೇ ಉಳಿಯಿತು. ಆದರೆ ಇಲ್ಲಿ ಪಡಸಾಲೆಗೆ ಕಾಲಿಟ್ಟ ಕೂಡಲೇ ಕಂಡದ್ದು, ದೇವರ ಜಗಲಿಗಿಂತ ಹೆಚ್ಚು ಹೊಳೆಯುತ್ತಿದ್ದ ಒಂದು ಕಪ್ಪು ಸೈಕಲ್ಲು. ಅದು ಮಾವನವರದು. ಹೊಸ ಸೊಸೆಗೆ ಮೊದಲು ಬರಬೇಕಾದ ಆಸೆಗಳು ಬೇರೆ ಇರುತ್ತವೆ. ನನಗೆ ಬಂದದ್ದು, ಆ ಸೈಕಲ್ಲು ಹತ್ತಿ ಬಾಳೆತೋಟಗಳ ನಡುವಿನ ಹಂಪಿ ರಸ್ತೆಯಲ್ಲಿ ಒಮ್ಮೆ ಹೋಗಿಬರಬೇಕೆಂಬ ಆಸೆ.

ಧೈರ್ಯ ಮಾಡಿ ಕೇಳಿದೆ. ಮಾವನವರು ಬೈಯಲಿಲ್ಲ. "ಸೈಕಲ್ ಹೊಡಿಯೂದು ಯಾರಿಗರ ಬರ್ತೈತವಾ. ಸೈಕಲ್ ಇಟ್ಕೊಳ್ಳೂದು ಬರಬೇಕು. ಮೊದಲ ಅದನ್ನ ಕಲಿ" ಎಂದರು.

ಕಲಿತೆ. ಮಾವನವರದು ಬೆಲ್ಲದ ಅಂಗಡಿ. ಅಂಗಡಿಗೆ ರಜೆಯ ದಿನ ಅಂಗಳದಲ್ಲಿ ಪಾಠ. ಸೀಮೆಎಣ್ಣೆಯ ಬಟ್ಟೆಯಿಂದ ಚೈನು ಒರೆಸಬೇಕು, ಒಣಗಿದ ಮೇಲೆ ಕೊಂಡಿಗೊಂದು ಹನಿ ಮಷೀನಿನ ಎಣ್ಣೆ ಬಿಡಬೇಕು, ಆಮೇಲೆ ಆ ಎಣ್ಣೆಯನ್ನೇ ಒರೆಸಿಬಿಡಬೇಕು. "ಒರಸೂದಾದ್ರ ಹಾಕೂದ್ಯಾಕ್ರೀ ಮಾವಾರ?" ಎಂದರೆ, "ಒಳಗ ಇಳಿದದ್ದು ಕೆಲಸ ಮಾಡ್ತೈತಿ, ಹೊರಗ ಉಳಿದದ್ದು ಬರೇ ಧೂಳು ತಿಂತೈತಿ. ಮಂದಿ ಇಲ್ಲೇನು, ಹಂಗ" ಎನ್ನುವರು. ಮಾತು ಸುಳ್ಳಲ್ಲ. ಸಂಡೂರಿನ ಅದಿರು ಲಾರಿಗಳು ಓಡಾಡುತ್ತಿದ್ದ ಕಾಲ ಅದು. ಎಣ್ಣೆ ಹೆಚ್ಚಾದ ಚೈನು ಸಂಜೆಯೊಳಗೆ ಕೆಂಪು ಧೂಳು ಮೆತ್ತಿಕೊಂಡು ಕುಂಕುಮದ ಭರಣಿಯಾಗುತ್ತಿತ್ತು. ಟೈರಿನ ಗಾಳಿಯನ್ನು ಅವರು ಬೆಲ್ಲದ ಲೆಕ್ಕದಲ್ಲಿ ನೋಡುತ್ತಿದ್ದರು. "ಅಚ್ಚು ಒತ್ತಿ ನೋಡಿದಂಗ ಒತ್ತು. ಹೆಬ್ಬಟ್ಟು ಒಳಗ ಹೋತು ಅಂದ್ರ ಹಸಿ ಬೆಲ್ಲ, ಗಾಳಿ ಸಾಲದು." ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ ಒಂದು ತೆಳ್ಳನೆಯ ಕಟಕ ರೊಟ್ಟಿ ತೂರುವಷ್ಟು ಸಂದು. ಚಕ್ರದ ಕಡ್ಡಿಗಳನ್ನು ಮೀಟಿದರೆ ಎಲ್ಲವೂ ಒಂದೇ ಶ್ರುತಿಯಲ್ಲಿ ನುಡಿಯಬೇಕು; ಬೇಸೂರ ನುಡಿದದ್ದು ಸಡಿಲಾಗಿದೆ ಎಂದು ಲೆಕ್ಕ.

ಎಲ್ಲ ಮುಗಿಸಿ ಕೈ ಒರೆಸಿಕೊಂಡು, "ಈಗ ಒಂದು ರೌಂಡ್ ಹೋಗ್ಲೇನ್ರೀ?" ಎಂದು ಕೇಳುತ್ತಿದ್ದೆ.

"ಈಗರ ಎಣ್ಣಿ ಹಾಕೀವಿ, ಕುಡೀಲಿ ತಡಿ."

ಮುಂದಿನ ವಾರ, "ಬಿಸಲಿಗೆ ಟೈರ್ ಕಾದಾವ." ಅದರ ಮುಂದಿನ ವಾರ, "ಇವತ್ತ ಅಮಾಸಿ."

ತಾವಾದರೂ ಹತ್ತುತ್ತಿದ್ದರೇ? ದಿನಾ ಬೆಳಿಗ್ಗೆ ಹ್ಯಾಂಡಲ್ಲಿಗೆ ಬೆಲ್ಲದ ಚೀಲ ತೂಗುಹಾಕಿ, ಗಂಟೆ ಬಾರಿಸುತ್ತ, ಸೈಕಲ್ಲನ್ನು ತಳ್ಳಿಕೊಂಡೇ ಅಂಗಡಿಗೆ ಹೊರಡುವರು. ಕೇಳಿದರೆ, "ಬೆಲ್ಲ ಕುಲುಕಬಾರದವಾ, ಪುಡಿ ಆಕೈತಿ." ಸಂಜೆ ಖಾಲಿ ಚೀಲದೊಂದಿಗೂ ತಳ್ಳಿಕೊಂಡೇ ಬರುವರು. ಖಾಲಿ ಚೀಲಕ್ಕೆ ಏನು ಕುಲುಕಾಟವೋ ನನಗೆ ತಿಳಿಯಲಿಲ್ಲ.

ತಿಳಿದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಸೈಕಲ್ ತುಳಿಯುವ ಗಂಡಸರ ಬಟ್ಟೆ ನೀವೂ ಒಗೆದಿರಬಹುದು. ಬಲಗಾಲಿನ ಅಂಚಿನಲ್ಲಿ ಚೈನಿನ ಕಪ್ಪು ಮಸಿ ಇದ್ದೇ ಇರುತ್ತದೆ. ತವರಿನಲ್ಲಿ ಅಪ್ಪನ ಪ್ಯಾಂಟಿನಲ್ಲಿತ್ತು, ಹಾಲಿನವನ ಪೈಜಾಮದಲ್ಲಿತ್ತು. ಮಾವನವರ ಧೋತರ ಮಾತ್ರ ಹಂಸದ ಬಿಳುಪು. ಒದ್ದೆ ಕೈಯಲ್ಲೇ ಪಡಸಾಲೆಗೆ ಬಂದು ನೋಡಿದೆ. ಎಡಗಡೆ ಹಿಡಿಕೆಯ ರಬ್ಬರು ನುಣ್ಣಗೆ ಸವೆದಿತ್ತು. ಪೆಡಲಿನ ರಬ್ಬರಿಗೆ ಅಚ್ಚಿನಿಂದ ಬಂದ, ನಾಲ್ಕು ದಿನ ತುಳಿದರೆ ಉದುರಬೇಕಾದ ಸಣ್ಣ ಸಣ್ಣ ರಬ್ಬರ್ ಮೀಸೆಗಳು ಇನ್ನೂ ಹಾಗೇ ಇದ್ದವು.

ಅತ್ತೆಯವರು ಅಕ್ಕಿ ಆರಿಸುತ್ತಿದ್ದರು. ನನ್ನ ಮುಖ ನೋಡಿದ್ದೇ ಮೊರ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಈಗ ಗೊತ್ತಾತೇನವಾ? ಲಗ್ನದಾಗ ಅಳಿಯಗ ವಾಚು ಸೈಕಲ್ಲು ಕೊಡೂದು ಪದ್ಧತಿ. ನಮ್ಮಪ್ಪ ಕೊಟ್ಟ. ಹೊಡಿಯಾಕ ಬರಂಗಿಲ್ಲ ಅಂತ ಹೇಳಾಕ ಇವ್ರಿಗೆ ನಾಚಿಕಿ. ಹೊಸಾ ಸೈಕಲ್ಲು ಸವಿತೈತಿ ಅಂತ ಹೇಳಿ, ನನ್ನ ತವರು ಕಂಪ್ಲಿಯಿಂದ ಹೊಸಪ್ಯಾಟಿತನಕ ತಳ್ಕೊಂಡು ಬಂದ್ರು. ನಾನು ಬಸ್ಸಿನ್ಯಾಗ ಬಂದು ಅಡಗಿ ಮಾಡಿ ಕಾಯ್ಕೊಂತ ಕುಂತಿದ್ದೆ. ಆಗಿನಿಂದ ತಳ್ಳಾಕತ್ತಾರ, ಇನ್ನೂ ಊರು ಮುಟ್ಟಿಲ್ಲ."

ನಕ್ಕೆ. ಆಮೇಲೆ ಯೋಚನೆ ಹತ್ತಿತು. ನಾನು ಸೈಕಲ್ಲು ಹತ್ತಿದರೆ ಅವರ ಗುಟ್ಟು ಬೀದಿಗೆ ಬೀಳುತ್ತದೆ: ಸೊಸೆ ಹೊಡೆಯುತ್ತಾಳೆ, ಸಾವ್ಕಾರರು ಯಾಕೆ ತಳ್ಳುತ್ತಾರೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಷ್ಟು ಕಾಲ ಎಣ್ಣೆ ಹಚ್ಚಿ ಕಾಪಾಡಿಕೊಂಡ ಮಾನ ಅದು.

ಮುಂದಿನ ಪಾಠದ ದಿನ ಅವರ ದಾರಿಯಲ್ಲೇ ಹೋದೆ. "ಮಾವಾರ, ಬರೇ ಹಾಕಿದ್ರ ಎಣ್ಣಿ ಒಳಗ ಇಳಿಯಂಗಿಲ್ಲಂತ್ರಿ. ಮ್ಯಾಲ ಭಾರ ಬಿದ್ದು ಚೈನು ತಿರುಗಬೇಕಂತ. ನಾನು ತುಳೀತೀನಿ. ಸಪ್ಪಳ ಎಲ್ಲಿಂದ ಬರ್ತೈತಿ ಅಂತ ನನಗ ತಿಳಿಯಂಗಿಲ್ಲ, ನೀವು ಹಿಂದ ಕುಂತು ಕೇಳ್ರಿ."

ಅವರು ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದರು. "ಸಪ್ಪಳ ಕೇಳಾಕಂದ್ರ ಬರ್ತೀನಿ" ಎಂದರು.

ಕಂಪ್ಲಿ ಗದ್ದೆಯಲ್ಲಿ ನಾಟಿ ಹಚ್ಚುವವರಂತೆ ಅತ್ತೆಯವರೇ ನನ್ನ ಸೀರೆಗೆ ಕಚ್ಚೆ ಹಾಕಿದರು. ಕ್ಯಾರಿಯರ್ ಮೇಲೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ನ್ಯಾಯಾಧೀಶರಂತೆ ಬಿಗಿದುಕೊಂಡು ಮಾವನವರು ಕುಳಿತರು. ಓಣಿಯ ತಿರುವಿನಲ್ಲಿ ಬೀಡಾ ಅಂಗಡಿಯ ಶರಣಪ್ಪ ಬಿಡುತ್ತಾನೆಯೇ? "ಏನ್ರೀ ಸಾವ್ಕಾರ್ರ, ಸೊಸೀನ್ನ ಡ್ರೈವರ್ ಮಾಡ್ಕೊಂಡೀರೇನು?"

"ಸರ್ವೀಸಿಂಗ್ ನಡದೈತಲೇ! ನಿನಗ ತಿಳಿಯಂಗಿಲ್ಲ, ಸುಮ್ನ ಕುಂದ್ರು."

ಅನಂತಶಯನಗುಡಿ ದಾಟುವ ತನಕ ಅವರು ನನ್ನ ಬೆನ್ನ ಹಿಂದೆ "ಬ್ರೇಕ್! ಬ್ರೇಕ್!" ಎನ್ನುತ್ತಲೇ ಇದ್ದರು. ಆಮೇಲೆ ಇಳಿಜಾರು ಬಂತು. ಎರಡೂ ಕಡೆ ಬಾಳೆತೋಟ, ಬೆಳಗಿನ ತಂಪು. ಕಾಲು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟೆ. ಹಿಂದೆ ಸದ್ದಿಲ್ಲ. ಬಿದ್ದರೇನೋ ಎಂದು ತಿರುಗಿ ನೋಡಲು ಹೋದೆ. ಆಗ ಮೆಲ್ಲಗೆ ಕೇಳಿಸಿತು.

"ಇದರ ಮ್ಯಾಲ ಕುಂತ್ರ ಇಷ್ಟ ಗಾಳಿ ಬರ್ತೈತೇನವಾ?"

ಇಳಿಜಾರು ಮುಗಿಯುವ ತನಕ ನಾನು ಬ್ರೇಕ್ ಮುಟ್ಟಲಿಲ್ಲ. ಮನೆಗೆ ಬಂದು ಅವರು ಅತ್ತೆಗೆ ಗಂಭೀರವಾಗಿ ವರದಿ ಒಪ್ಪಿಸಿದರು: "ಚೈನು ಛಲೋ ಐತಿ. ಆದ್ರ ವಾರಕ್ಕೊಮ್ಮೆ ನೋಡಬೇಕಾಕೈತಿ." ಅವರಿಗೆ ಮಂಡಿ ನೋವು ಬರುವ ತನಕ ವಾರ ವಾರವೂ ಸರ್ವೀಸಿಂಗ್ ನಡೆಯಿತು.

ಇದನ್ನೆಲ್ಲ ನೆನೆಯುತ್ತ ಶನಿವಾರ ನನ್ನ ಗೇರ್ ಸೈಕಲ್ಲಿನ ಚೈನು ಒರೆಸುತ್ತಿದ್ದೆ. ನಮ್ಮವರು ಪ್ರೀತಿಯಿಂದ ಕೊಡಿಸಿದ್ದು. "ಎಷ್ಟು ಚಂದ ಇಟ್ಕೊಂಡೀರಿ!" ಎಂದು ಬಳಗವೇ ಹೊಗಳುತ್ತದೆ. ಪೆಡಲಿನ ರಬ್ಬರಿನ ಮೇಲೆ ಕಣ್ಣು ಹೋಯಿತು. ಅಚ್ಚಿನ ಮೀಸೆಗಳು ಒಂದೂ ಉದುರಿಲ್ಲ. ನನ್ನ ಚೂಡಿದಾರಿನ ಬಲಗಾಲು ನೋಡಿಕೊಂಡೆ. ಹಂಸದ ಬಿಳುಪು. ಟ್ರಾಫಿಕ್ಕು, ಮಂಡಿ, ನೋಡಿದವರು ಏನೆಂದಾರು ಎಂಬುದು ಎಲ್ಲ ಸೇರಿ ನಾನು ಸಂತೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಬರುತ್ತಿದ್ದೆ. ಹ್ಯಾಂಡಲ್ಲಿಗೆ ಚೀಲ. ಟೊಮೆಟೊ ಕುಲುಕಬಾರದು, ಅಲ್ಲವೇ?

ಭಾನುವಾರ ಬೆಳಿಗ್ಗೆ ಗಿರಿಜಕ್ಕನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ನಾನು ಕೂರಲಿಲ್ಲ. "ಇವತ್ತಿನ ಪಾಠ ಚೈನಿನ ಸಪ್ಪಳ ಕೇಳೂದು. ಹತ್ತಿದ್ರ ಅಷ್ಟ ಕೇಳಿಸ್ತೈತಿ, ನಡೀರಿ" ಎಂದೆ.

"ಅಯ್ಯ, ಟೀಶರ್ಟ್ ಒಗಿಯಾಕ ಹಾಕೀನ್ರೀ!" ಎಂದರು ಗಿರಿಜಕ್ಕ. ಸೀರೆಯಲ್ಲೇ ಹತ್ತಿಸಿದೆ.

ವಿರೂಪಾಕ್ಷನ ಗೋಪುರ ಕಂಡಾಗ ಎಲ್ಲರಿಗೂ ಏದುಸಿರು. ದಾರಿಯಲ್ಲಿ ಗಿರಿಜಕ್ಕನ ಚೈನು ಬಿದ್ದಿತ್ತು. ಹಾಕುವಷ್ಟರಲ್ಲಿ ಅವರ ಕೈ, ಮೂಗು ಎರಡೂ ಕಪ್ಪಾಗಿದ್ದವು. ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕುಳಿತು, ಆ ಮೂಗಿನ ಫೋಟೊವನ್ನು ಅವರೇ ಮುಂದಾಗಿ ತೆಗೆಸಿಕೊಂಡರು.

ಮನೆಗೆ ಬಂದು ನೋಡಿದರೆ ನನ್ನ ಚೂಡಿದಾರಿನ ಬಲಗಾಲಿನ ಅಂಚಿನಲ್ಲಿ ಚೈನಿನ ಕೊಂಡಿಗಳ ಗುರುತು ಸಮೇತ ಒಂದು ಕಪ್ಪು ಕಲೆ. ಸೋಪು ಹಚ್ಚಿದೆ. ಆಮೇಲೆ ಉಜ್ಜಲು ಮನಸ್ಸು ಬರಲಿಲ್ಲ. ಹಿಂಡಿ, ಬೀದಿಗೆ ಕಾಣುವ ತಂತಿಯ ಮೇಲೆ, ಬಲಗಾಲು ಮುಂದೆ ಮಾಡಿ ಒಣಹಾಕಿದೆ.