ಐದು ತುಂಡಿನ ಮಾತು

ಮೂಡಬಿದ್ರೆಗೆ ಕರೆಂಟಿನ ಮಿಲ್ಲು ಬಂದ ಮೇಲೆ ಕೈಗರಗಸದ ಕೆಲಸ ಕಡಿಮೆಯಾಗಿದೆ. ಇವತ್ತು ಬೆಳಿಗ್ಗೆ ಆ ಮಿಲ್ಲಿನ ಮುಂದೆ ಹೋಗುವಾಗ ಹಸಿ ಹಲಸಿನ ಮರದ ಹುಡಿಯ ವಾಸನೆ ಮೂಗಿಗೆ ಬಡಿಯಿತು. ಸುಮ್ಮನೆ ನಿಂತುಬಿಟ್ಟೆ. ಕಣಾರನ್ ನೆನಪಾದ.

ಕಣಾರನ್ ಮಾಹೆಯವನು. ಐದಾರು ವರ್ಷದ ಹಿಂದೆ ವೇಣೂರಿನ ಜೈನರೊಬ್ಬರ ಮನೆಗೆ ತೊಲೆ ಕೊಯ್ಯಲು ನಾವಿಬ್ಬರೂ ಹೋಗಿದ್ದೆವು. ಗುಂಡಿಯ ಮೇಲೆ ಅಡ್ಡ ಮಲಗಿಸಿದ ದಿಮ್ಮಿ. ಮೇಲೆ ನಿಂತು ಗೆರೆ ನೋಡುವವನು ನಾನು. ಕೆಳಗೆ ಗುಂಡಿಯೊಳಗೆ ನಿಂತು, ಗರಗಸದ ಇನ್ನೊಂದು ತುದಿ ಹಿಡಿದು, ಕಣ್ಣಿಗೆ ಬಾಯಿಗೆ ಹುಡಿ ಬೀಳಿಸಿಕೊಳ್ಳುವವನು ಅವನು. ಈ ಕೆಲಸಕ್ಕೆ ಬಲವೊಂದೇ ಸಾಲದು, ಸ್ವಾಮಿ. ಇಬ್ಬರ ಎಳೆತ ಒಂದೇ ತೂಕದ್ದಿರಬೇಕು. ಅಂಥ ಜೊತೆ ನನಗೆ ಸಿಕ್ಕಿದ್ದು ಅವನೊಬ್ಬ.

ಕೇರಳದ ಕಡಲಬದಿಯ ಮಾಹೆಯನ್ನು ಆಳುತ್ತಿದ್ದ ಫ್ರೆಂಚರು ಆಗ ಅದನ್ನು ಬಿಟ್ಟುಹೋಗಿದ್ದರು. ಬೇಕಾದವರು ಫ್ರಾನ್ಸಿನವರಾಗಿಯೇ ಉಳಿಯಬಹುದು, ಕೆಲವು ತಿಂಗಳೊಳಗೆ ಬಂದು ಹೇಳಬೇಕು ಎಂದಾಗಿತ್ತು. ಕಣಾರನನ್ನು ಸಾಕಿದ ಅಕ್ಕ ಗಂಡನೊಂದಿಗೆ ಹಡಗು ಹತ್ತುವವಳಿದ್ದಳು. ಇವನಿಗೂ ಅವಳ ಜೊತೆ ಹೋಗಬೇಕು. ಆಫೀಸಿನಲ್ಲಿ ಸಾಹೇಬರೆದುರು ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕೆಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ನಾವು ಯಾವ ದೇಶದವರು ಎಂಬುದಕ್ಕೆ ಫ್ರೆಂಚಿನಲ್ಲಿರುವ ಉದ್ದದ ಹೆಸರು ಅದು. ಅವನ ಪರವಾಗಿ ನಾನೊಬ್ಬನೇ ಹೋಗಿ ಕೇಳಿದಾಗ ಮೂಡಬಿದ್ರೆಯಲ್ಲಿ ಫ್ರೆಂಚ್ ಬಲ್ಲ ಪಾದ್ರಿಯೊಬ್ಬರು ಅದನ್ನು ತುಂಡು ಮಾಡಿ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಕಣಾರನಿಗೆ ಮಲಯಾಳ ಬಿಟ್ಟು ಬೇರೆ ಅಕ್ಷರ ಬಾರದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಅಲ್ಲಿ ಪಂಡಿತ.

ನಾ-ಸ್ಯೊ-ನಾ-ಲಿ-ತೇ. ಐದು ತುಂಡು. "ಎಲ್ಲದಕ್ಕೂ ಒಂದೇ ತೂಕ ಕೊಡಿ, ಕೊನೆಯದನ್ನು ಮಾತ್ರ ಸ್ವಲ್ಪ ಎಳೀರಿ" ಎಂದಿದ್ದರು ಪಾದ್ರಿ. ನಮ್ಮ ಗರಗಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಗುಂಡಿಯ ಬದಿಯಲ್ಲಿ ಕೂತು ಓದುವಾಗ ನಾನು "ಲಿ" ನುಂಗಿದೆ.

"ನಾಲ್ಕೇ ಉಂಟಾ?" ಎಂದ ಕಣಾರನ್.

"ನಾಲ್ಕೇ. ಗರಗಸ ಹಿಡಿ ಮಾರಾಯ."

"ಹಾಗಾದ್ರೆ ಸುಲಭ. ನಿನ್ನ ತಲೆಗೂ ಹೋಗ್ತದೆ ಇದು."

ತಪ್ಪು ಹೇಳಿದರೆ ಸಾಹೇಬರು ವಾಪಸು ಕಳಿಸುತ್ತಾರೆ, ಇವನು ಮತ್ತೆ ನನ್ನ ಗುಂಡಿಗೆ ಇಳಿಯುತ್ತಾನೆ. ನನ್ನ ಬುದ್ಧಿ ಓಡಿದ್ದು ಅಷ್ಟೇ. ಎಂಟು ದಿನ, ಎಳೆತಕ್ಕೊಂದು ತುಂಡಿನಂತೆ, ಬಾಯಿ ತುಂಬ ಹುಡಿ ಇಟ್ಟುಕೊಂಡು ಅವನು ತಪ್ಪನ್ನೇ ಕಲಿತ. ತಪ್ಪನ್ನು ಅಷ್ಟು ಚಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಹೋಗುವ ದಿನ ಸಿದ್ಧಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದೆವು. ಹೊಸ ಅಂಗಿ ಹಾಕಿದ್ದ. ನಾಲ್ಕು ಬೆರಳು ಮಡಿಸಿ ಮಡಿಸಿ ಹೇಳಿಕೊಳ್ಳುತ್ತಿದ್ದ. ನನ್ನಿಂದ ನೋಡಲಾಗಲಿಲ್ಲ.

"ಒಂದು ತುಂಡು ನಾನು ತಿಂದಿದ್ದೇನೆ" ಎಂದೆ. "ಐದು ಉಂಟು. ಕೊನೆಯ 'ತೇ'ಗಿಂತ ಮೊದಲು 'ಲಿ' ಬರ್ತದೆ."

ಅವನು ನನ್ನ ಮುಖ ನೋಡಿದ. ಬೈಯಲಿಲ್ಲ. "ಇನ್ನೊಮ್ಮೆ ಹೇಳು" ಎಂದ. ಹೇಳಿದೆ. "ಇನ್ನೊಮ್ಮೆ." ಬಸ್ಸು ಬರುವವರೆಗೂ ಹೇಳಿಸಿದ. ಹತ್ತುವಾಗಲೂ ಅವನ ತುಟಿ ಅಲ್ಲಾಡುತ್ತಲೇ ಇತ್ತು. ನನಗೆ "ಬರ್ತೇನೆ" ಎನ್ನಲು ಅದಕ್ಕೆ ಬಿಡುವಾಗಲಿಲ್ಲ.

ಮರುವರ್ಷ ಒಂದು ಕಾಗದ ಬಂತು. ಹೊರಗೆ ಫ್ರಾನ್ಸಿನ ಸ್ಟಾಂಪು, ಒಳಗೆಲ್ಲ ಮಲಯಾಳ. ಬಂಟ್ವಾಳದಲ್ಲಿ ಹೊಳೆಬದಿಯ ಚಾ ಅಂಗಡಿಯವನು ಮಲಯಾಳಿ, ಕೊಟ್ಟರೆ ಓದುತ್ತಾನೆ. ಇಷ್ಟು ವರ್ಷ ನಾನು ಕೊಡಲಿಲ್ಲ. ಕಣಾರನ್ ಅದರಲ್ಲಿ ಬೈದಿದ್ದರೆ ಬೇರೆಯವನ ಬಾಯಲ್ಲಿ ಕೇಳಬೇಕಲ್ಲ.

ಇವತ್ತು ಕಾಗದವನ್ನು ಕಿಸೆಗೆ ಹಾಕಿಕೊಂಡು ಬಂಟ್ವಾಳದ ಬಸ್ಸು ಹತ್ತಿದ್ದೇನೆ. ಅಂಗಡಿಯವನು ಒಂದು ಸಾಲು ಬಿಟ್ಟು ಓದಿದರೂ ನನಗೆ ಗೊತ್ತಾಗುವುದಿಲ್ಲ. ಅವನು ಓದಿದ್ದನ್ನು ನಂಬಬೇಕು, ಕಣಾರನ್ ನನ್ನನ್ನು ನಂಬಿದ ಹಾಗೆ.