ಅಡುಗೆಮನೆಯಲ್ಲೊಂದು ಬೆಟ್ಟ

ಬೆಳಗಿನ ಆರಕ್ಕೆಲ್ಲ ಸರ್ಕಾರಿ ರಂಗಮಂದಿರದ ಹಿಂಬಾಗಿಲು ತೆರೆದಿದೆ. ಒಳಗೆ ಉರಿಯುತ್ತಿರುವುದು ಒಂದೇ ಬಲ್ಬು. ಅದರ ಕೆಳಗೆ ಮೇಸ್ತ್ರಿ ಮಂಡಿಯೂರಿ ಕೂತು, ಬಾಯಲ್ಲಿ ಎರಡು ತಿರುಪುಮೊಳೆ ಕಚ್ಚಿಕೊಂಡು, ಹಲಗೆಗೆ ಹಲಗೆ ಸೇರಿಸುತ್ತಿದ್ದಾರೆ. ಮಾತಾಡಿಸಿದರೆ ಉತ್ತರ ಮೂಗಿನಿಂದ ಬರುತ್ತದೆ. ಮೊಳೆ ಹೊರಬಂದ ಮೇಲೆ, ಏನು ಕಟ್ತಾ ಇದ್ದೀರಿ ಎಂದು ಕೇಳುತ್ತೇನೆ.

"ಬೆಟ್ಟ."

ಸಂಜೆಯ ನಾಟಕ ಮೊದಲಿನಿಂದ ಕೊನೆಯವರೆಗೆ ನಡೆಯುವುದು ಒಂದು ಅಡುಗೆಮನೆಯಲ್ಲಿ. ಅಲ್ಲಿ ಬೆಟ್ಟಕ್ಕೇನು ಕೆಲಸ ಅಂದರೆ, "ಅದನ್ನ ಕೇಳ್ಬೇಕಾದ್ದು ಸರ್ಕಾರ, ನೀವಲ್ಲ" ಎಂದು ಇನ್ನೆರಡು ಮೊಳೆ ಬಾಯಿಗಿಟ್ಟುಕೊಳ್ಳುತ್ತಾರೆ.

ಮೇಸ್ತ್ರಿ ಈ ರಂಗಮಂದಿರದ ಬಡಗಿ. ವಯಸ್ಸು ಐವತ್ತೆಂಟು, ಕೆಲಸ ಇನ್ನೂ ದಿನಗೂಲಿ. ಮರಗೆಲಸ ಕಲಿತದ್ದು ಸೋದರಮಾವನ ಅಂಗಡಿಯಲ್ಲಿ, ಬೈಗುಳ ತಿಂದುಕೊಂಡು. ಎಡಗೈಯ ತೋರುಬೆರಳಿನ ತುದಿಯನ್ನು ಅಲ್ಲಿನ ಗರಗಸ ಇಟ್ಟುಕೊಂಡಿತು. ಮಂಡಿಗಳು ಏಳುವಾಗೊಮ್ಮೆ ಕೂರುವಾಗೊಮ್ಮೆ ಸದ್ದು ಮಾಡುತ್ತವೆ. "ಇಲ್ಲಿಗೆ ಬಂದ ಮೇಲೆ ನಾನು ಮಾಡಿದ್ದೆಲ್ಲಾ ಸುಳ್ಳು ಬಾಗಿಲು, ಸುಳ್ಳು ಗೋಡೆ. ಒರಗಿದ್ರೆ ಬಿತ್ತು. ನಿಜವಾಗಿ ಭಾರ ಹೊರೋ ವಸ್ತು ಅಂತ ಮಾಡಿದ್ದು ಇದೊಂದೇ. ಅದಕ್ಕೂ ಸುಳ್ಳು ಹೆಸರು" ಎನ್ನುತ್ತಾರೆ.

ಹಲಗೆಯ ಮೇಲೆ ಹೊದಿಸುವ ಹಸಿರು ಬಟ್ಟೆಯನ್ನು ಹೊಲಿದವರು ಅವರ ಹೆಂಡತಿ. ಹಳೇ ಪರದೆಗಳನ್ನು ಬಿಚ್ಚಿ ಮನೆಯ ಮಿಷಿನ್ನಿನಲ್ಲೇ ಹೊಲಿದುಕೊಟ್ಟರು. ನಾಟಕ ಗೀಟಕ ಅವರಿಗೆ ಆಗದು. ಕೂತರೆ ನಿದ್ದೆ ಬರುತ್ತದಂತೆ.

ಬೆಟ್ಟದ ಹುಟ್ಟು ಹೀಗೆ. ಅಂಗವಿಕಲರೂ ಕಲೆಯನ್ನು ಸವಿಯಲಿ ಎಂದು ಸಂಸ್ಕೃತಿ ಇಲಾಖೆ ಕೆಲವು ವರ್ಷಗಳ ಹಿಂದೆ ಈ ಕಟ್ಟಡಕ್ಕೆ ನೆರವು ಕೊಟ್ಟಿತು. ಮುಂಬಾಗಿಲಿಗೆ ಇಳಿಜಾರು ಬಂತು, ಗಾಲಿಕುರ್ಚಿ ನಿಲ್ಲಲು ಜಾಗ ಬಂತು, ಅಗಲ ಬಾಗಿಲಿನ ಶೌಚಾಲಯ ಬಂತು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ನೆರವು ಪ್ರೇಕ್ಷಕರ ಸಾಲಿಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ವೇದಿಕೆಗೆ ಐದು ಮೆಟ್ಟಿಲು. ಹಿಂದಿನಿಂದ ಬಂದರೂ ಅಷ್ಟೇ ಮೆಟ್ಟಿಲು, ಜೊತೆಗೆ ಇಕ್ಕಟ್ಟಿನ ಓಣಿ. ಅಂಗವಿಕಲರು ನೋಡಲು ಬರುತ್ತಾರೆ ಎಂದು ಯೋಚಿಸಿದವರಿಗೆ, ಆಡಲೂ ಬಂದಾರು ಎಂಬುದು ಹೊಳೆದಿರಲಿಲ್ಲ.

ಬಂದರು. ಅದೇ ಇಲಾಖೆಯ ಇನ್ನೊಂದು ಯೋಜನೆ ಅಂಗವಿಕಲರ ಹವ್ಯಾಸಿ ತಂಡವೊಂದಕ್ಕೆ ನಾಟಕ ಆಡಲು ಸಹಾಯಧನ ಕೊಟ್ಟಿತ್ತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರಲ್ಲ, ಇಲಾಖೆ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿತು.

ತಂಡದಲ್ಲಿ ಎಲ್ಲರೂ 'ಅತ್ತೆ' ಎಂದೇ ಕರೆಯುವ ನಟಿಯೊಬ್ಬರಿದ್ದಾರೆ. ಚಿಕ್ಕಂದಿನಿಂದ ಗಾಲಿಕುರ್ಚಿ. ಹಗಲು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ನಾಟಕದಲ್ಲಿ ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆ. "ದಿನಾ ಎಲ್ಲರಿಗೂ 'ದಯವಿಟ್ಟು ಸ್ವಲ್ಪ ಕಾಯಿರಿ' ಅಂತ ಜೇನು ಸುರಿಸಿ ಸುರಿಸಿ ನಾಲಿಗೆ ಅಂಟ್ಕೊಂಡುಬಿಟ್ಟಿದೆ. ಒಂದು ಸಂಜೆಯಾದ್ರೂ ಕೆಟ್ಟವಳಾಗ್ಬೇಕು. ಜನ ನನ್ನ ನೋಡಿ ಹಲ್ಲು ಕಡೀಬೇಕು. ನನಗೆ ಬೇರೇನೂ ಬೇಡ" ಎನ್ನುತ್ತಾರೆ ಅವರು.

ಮೊದಲ ಪ್ರದರ್ಶನದಲ್ಲಿ ನಾಲ್ವರು ಅವರನ್ನು ಕುರ್ಚಿ ಸಮೇತ ವೇದಿಕೆಗೆ ಎತ್ತಿದರು. ಮನೆಯನ್ನೇ ನಡುಗಿಸಬೇಕಾದ ಅತ್ತೆ ಮೂಟೆಯ ಹಾಗೆ ಬಂದಿಳಿದರು. ಸಭೆಯಲ್ಲಿ 'ಪಾಪ' ಎಂಬ ಸದ್ದು, ಹಿಂದೆಯೇ ಚಪ್ಪಾಳೆ. "ನಾನಿನ್ನೂ ಬಾಯೇ ತೆಗೆದಿಲ್ಲ" ಎಂದು ಅತ್ತೆ ಈಗಲೂ ಸಿಡುಕುತ್ತಾರೆ. "ಒಂದ್ಸಲ ಪಾಪ ಅಂದ್ಬಿಟ್ರೆ ಮುಗೀತು. ಆಮೇಲೆ ಸೊಸೆ ಕೈಗೆ ಬರೆ ಎಳೆದ್ರೂ ಪಾಪಾನೇ."

ಹೊತ್ತವರಲ್ಲಿ ಮೇಸ್ತ್ರಿಯೂ ಒಬ್ಬರು. "ನನಗೆ ಸೊಂಟ ಹಿಡೀತು, ಅವರಿಗೆ ಮಾನ ಹೋಯ್ತು. ಸೊಂಟ ವಾರದಲ್ಲಿ ಸರಿಹೋಯ್ತು" ಎನ್ನುತ್ತಾರೆ.

ವೇದಿಕೆಗೊಂದು ಇಳಿಜಾರು ಬೇಕೆಂದು ಅರ್ಜಿ ಹೋಯಿತು. ಕಟ್ಟಡ ಮುಟ್ಟಲು ಇಲಾಖೆಯ ಅಪ್ಪಣೆ ಬೇಕು. ಅಪ್ಪಣೆ ಇವತ್ತಿಗೂ ಮೇಜಿನಿಂದ ಮೇಜಿಗೆ ಪ್ರವಾಸದಲ್ಲಿದೆ. ಆಗ ರಂಗಮಂದಿರದ ಮ್ಯಾನೇಜರಿಗೆ ಹೊಳೆಯಿತು, ರಂಗಸಜ್ಜಿಕೆಗೆ ಯಾರ ಅಪ್ಪಣೆಯೂ ಬೇಡ. ಇಳಿಜಾರು ಅಂದರೆ ಕಟ್ಟಡ, ಬೆಟ್ಟ ಅಂದರೆ ಸಜ್ಜಿಕೆ. ಮೊದಲ ಸಾಲಿನ ಮುಂದಿನಿಂದ ಹೊರಟು, ಒಂದು ತಿರುವು ತೆಗೆದುಕೊಂಡು, ವೇದಿಕೆ ಮುಟ್ಟುವ ಬೆಟ್ಟವನ್ನು ಮೇಸ್ತ್ರಿ ಕಟ್ಟಿದರು.

ಎರಡನೇ ಪ್ರದರ್ಶನದಲ್ಲಿ ಅತ್ತೆ ತಾವೇ ಚಕ್ರ ತಳ್ಳುತ್ತ ಏರಿದರು. ತಿರುವಿನಲ್ಲಿ ಸಿಕ್ಕಿಹಾಕಿಕೊಂಡರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅತ್ತೆಯ ಕಾಟಕ್ಕೆ ನಡುಗಬೇಕಾದ ಸೊಸೆಯೇ ಅಡುಗೆ ಬಿಟ್ಟು ಓಡಿಬಂದು ಎಳೆದುಕೊಂಡು ಹೋದಳು. ಮತ್ತೆ 'ಪಾಪ'. ಈ ಸಲ ಇನ್ನೂ ಜೋರಾಗಿ.

"ತಪ್ಪು ನಂದೇ. ನಾನು ಕುರ್ಚಿ ಅಳೆದೆ, ಕೂತವರನ್ನ ಅಳೀಲಿಲ್ಲ. ಖಾಲಿ ಕುರ್ಚಿ ಬೆಣ್ಣೆ ಹಾಗೆ ತಿರುಗ್ತಿತ್ತು. ಕೂತವರ ಪಾದ ಮುಂದಕ್ಕೆ ಚಾಚಿರುತ್ತೆ ಅಂತ ಈ ಮಂಡೆಗೆ ಹೋಗ್ಲಿಲ್ಲ. ಎರಡು ದಿನ ಊಟ ಸೇರ್ಲಿಲ್ಲ ನನಗೆ."

ಅದೇ ಸಂಜೆ ತಪಾಸಣೆಗೆಂದು ಬಂದ ಅಧಿಕಾರಿಯೊಬ್ಬರು ಸಭೆಯಲ್ಲಿದ್ದರು. ಅಡುಗೆಮನೆಯಲ್ಲಿ ಬೆಟ್ಟ ಯಾಕೆ ಎಂದು ಕೇಳಿದರು. "ಆಧುನಿಕ ನಾಟಕ, ಸಾರ್" ಎಂದರು ಮ್ಯಾನೇಜರು. ಅಧಿಕಾರಿ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿಗೆ ಸುಳ್ಳು ಬರುವುದು ಹಲಗೆಯಲ್ಲಿ ಮಾತ್ರ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಅಧಿಕಾರಿ, "ನಾನು ನೋಡಿದ್ದು ಬೆಟ್ಟ. ಆದರೆ ಸಜ್ಜಿಕೆ ಅಂದ ಮೇಲೆ ಆಟ ಮುಗಿದ ರಾತ್ರಿ ಬಿಚ್ಚಿಡಬೇಕು, ಗೊತ್ತಲ್ಲ?" ಎಂದು ಹೊರಟುಹೋದರು. ಪುಣ್ಯಾತ್ಮ.

ಹಾಗಾಗಿ ಪ್ರತಿ ಪ್ರದರ್ಶನದ ಬೆಳಗ್ಗೆ ಒಂಬತ್ತು ತುಂಡು ಜೋಡಿಸಿ, ಮುಗಿದ ಮೇಲೆ ಒಂಬತ್ತನ್ನೂ ಬಿಚ್ಚುವುದು ಮೇಸ್ತ್ರಿಯ ಪಾಲಿಗೆ ಬಂತು. ಒಂದೊಂದು ತುಂಡನ್ನೂ ಇಬ್ಬರು ಎತ್ತಬೇಕು, ಇವರೊಬ್ಬರೇ ಎಳೆಯುತ್ತಾರೆ. ಸಿಮೆಂಟಿನ ಇಳಿಜಾರೇ ಬಂದರೆ ಬೇಜಾರಾಗುತ್ತದೆಯೇ ಎಂದು ಕೇಳಿದೆ. "ಬೇಜಾರಾ? ನನ್ನ ಮಂಡಿಗಳು ಹಾರ ಹಾಕಿ ಕರ್ಕೊಂಡು ಬರ್ತವೆ" ಎನ್ನುತ್ತಾರೆ.

ಇಂದು ಮೂರನೇ ಪ್ರದರ್ಶನ. ಅತ್ತೆಯನ್ನು ಕೂರಿಸಿಕೊಂಡೇ ಅಳತೆ ತೆಗೆದು ತಿರುವನ್ನು ಅಗಲ ಮಾಡಿದ್ದಾರೆ. ಹತ್ತು ಗಂಟೆಗೆ ಅತ್ತೆ ಬಂದು ಒಮ್ಮೆ ಏರಿ, ಒಮ್ಮೆ ಇಳಿದು, "ಈಗೇನೋ ಸರಿ. ಸಂಜೆ ಕೈಕೊಟ್ರೆ ನಿಮ್ಮನ್ನೇ ಸೊಸೆ ಮಾಡ್ಕೋತೀನಿ" ಎಂದು ಹೋಗುತ್ತಾರೆ. ಮೇಸ್ತ್ರಿ ನಗುವುದಿಲ್ಲ. ತಿರುವಿನ ಮೊಳೆಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತಾರೆ.

ಸಂಜೆ ಸಭಾಂಗಣ ಮುಕ್ಕಾಲು ತುಂಬಿದೆ. ನಾನು ನಾಲ್ಕನೇ ಸಾಲಿನಲ್ಲಿದ್ದೇನೆ. ಎರಡು ಸಾಲು ಹಿಂದೆ, ಗಂಡನ ಒತ್ತಾಯಕ್ಕೆ ಬಂದ ಮೇಸ್ತ್ರಿಯ ಹೆಂಡತಿ. ವೇದಿಕೆಯ ಮೇಲೆ ಸೊಸೆ ಒಲೆ ಮುಂದೆ ಕೂತಿದ್ದಾಳೆ. ಸಭೆಯ ಹಿಂಬದಿಯಿಂದ ಚಕ್ರದ ಸದ್ದು. ಅತ್ತೆ ಆತುರವಿಲ್ಲದೆ ನಮ್ಮ ನಡುವಿನಿಂದಲೇ ಹಾದು ಬೆಟ್ಟ ಏರುತ್ತಾರೆ. ಗೋಡೆಯ ಪಕ್ಕದ ಕತ್ತಲಲ್ಲಿ ಮೇಸ್ತ್ರಿ ನಿಂತಿದ್ದಾರೆ. ತಿರುವು ಬರುತ್ತದೆ. ಕುರ್ಚಿ ತಿರುಗುತ್ತದೆ. ಅತ್ತೆ ಮೇಲೆ ಹೋಗಿ ಕುರ್ಚಿ ನಿಲ್ಲಿಸಿ, ಸೊಸೆಯ ಕೈಯಲ್ಲಿದ್ದ ತಟ್ಟೆ ಕಿತ್ತುಕೊಂಡು, "ಉಣ್ಣೋಕೆ ಮೊದಲು ದುಡಿಯೋದು ಕಲಿ" ಎನ್ನುತ್ತಾರೆ.

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅರ್ಧ ನಾಟಕದ ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಗೊಣಗಾಟ ಶುರುವಾಗಿರುತ್ತದೆ. "ಇವಳ ಬಾಯಿಗೆ ಮಣ್ಣು ಹಾಕ" ಎಂದು ಒಬ್ಬರು ಎಲ್ಲರಿಗೂ ಕೇಳಿಸುವ ಹಾಗೇ ಹೇಳುತ್ತಾರೆ.

ಮರುದಿನ ಈ ಬರಹಕ್ಕೊಂದು ಫೋಟೊ ತೆಗೆಯಲು ಹೋದಾಗ ಮೇಸ್ತ್ರಿ ಬೆಟ್ಟದ ತುಂಡುಗಳನ್ನು ಗೋಡೆಗೆ ಒರಗಿಸಿ, ಚಹಾ ಕುಡಿಯುತ್ತಿದ್ದಾರೆ. ಮನೆಯವರಿಗೆ ನಾಟಕ ಹಿಡಿಸಿತಾ ಎಂದು ಕೇಳುತ್ತೇನೆ.

"ನಿದ್ದೆ ಎಲ್ಲಿಂದ ಬರ್ಬೇಕು? ಮನೆವರೆಗೂ ದಾರಿಯುದ್ದಕ್ಕೂ ಆ ಅತ್ತೆಗೆ ಶಾಪ ಹಾಕ್ಕೊಂಡೇ ಬಂದ್ಳು. ಬಾಗಿಲು ತೆಗೆದು ಒಳಗೆ ಹೋದ್ಮೇಲೆ ನನ್ನ ಕಡೆ ತಿರುಗಿ, ಅಂಥ ಮನೆಹಾಳಿಗೆ ಒಳಗೆ ಬರೋಕೆ ದಾರಿ ಮಾಡಿಕೊಟ್ಟೋರು ನೀವೇ ಅಲ್ವಾ ಅಂದ್ಳು."

ಲೋಟ ಕೆಳಗಿಡುತ್ತಾರೆ.

"'ಹೌದು ಕಣೇ, ನಾನೇ' ಅಂದೆ. ತುಂಬಾ ಖುಷಿಯಾಯ್ತು."